ಆಟಕ್ಕುಂಟು, ಲೆಕ್ಕಕ್ಕಿಲ್ಲ: ಊಟದ ಬಿಡುವಿನಲ್ಲಿ ಒಂಟಿಯಾಗುತ್ತಿದ್ದ ಹುಡುಗಿಯೊಬ್ಬಳ ಪ್ರಕರಣ

ಈ ಪ್ರಕರಣದ ಮೊದಲ ಸುಳಿವು ನನಗೆ ಸಿಕ್ಕಿದ್ದು ಗಣಿತದ ಮನೆಗೆಲಸದ ಪುಸ್ತಕದಲ್ಲಿ. ಉಡುಪಿ ನಗರದ ಅಂಚಿನಲ್ಲಿರುವ ಕನ್ನಡ ಮಾಧ್ಯಮದ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ನಾನು ಐದನೆಯ ತರಗತಿಯ ವರ್ಗಶಿಕ್ಷಕಿಯಾಗಿದ್ದೆ. ಆ ಜೂನ್ ತಿಂಗಳಲ್ಲಿ ಹೊಸದಾಗಿ ಸೇರಿದ್ದ ಹತ್ತು ವರ್ಷದ ಹುಡುಗಿಯೊಬ್ಬಳು ದಿನವೂ ಎಂಟು ಲೆಕ್ಕ ಕೊಟ್ಟರೆ ಆರನ್ನು ಮಾಡಿಕೊಂಡು ಬರುತ್ತಿದ್ದಳು. ಮಾಡಿದ ಆರೂ ಸರಿಯಾಗಿರುತ್ತಿದ್ದವು, ಅಕ್ಷರ ದುಂಡಗಿರುತ್ತಿತ್ತು, ಬಿಟ್ಟ ಎರಡು ಲೆಕ್ಕಗಳು ಉಳಿದವಕ್ಕಿಂತ ಕಷ್ಟದವೂ ಆಗಿರಲಿಲ್ಲ. ಮನೆಗೆಲಸ ಮುಗಿಸದವರು ಊಟದ ಬಿಡುವಿನಲ್ಲಿ ತರಗತಿಯಲ್ಲೇ ಕುಳಿತು ಮುಗಿಸಬೇಕೆಂಬುದು ಆಗ ನಾನೇ ಮಾಡಿದ್ದ ನಿಯಮ. ಉಳಿದ ಮಕ್ಕಳು ಗೊಣಗುತ್ತ, ಕಿಟಕಿಯ ಕಡೆ ನೋಡುತ್ತ, ಐದೇ ನಿಮಿಷದಲ್ಲಿ ಗೀಚಿ ಎದ್ದು ಓಡುತ್ತಿದ್ದರು. ಇವಳು ಪ್ರತಿಯೊಂದು ಅಂಕಿಯನ್ನೂ ಬರೆದು, ಅಳಿಸಿ, ಮತ್ತೆ ಬರೆದು, ಗಂಟೆ ಬಾರಿಸುವ ಹೊತ್ತಿಗೆ ಸರಿಯಾಗಿ ಎರಡನೆಯ ಲೆಕ್ಕದ ಕೆಳಗೆ ಗೆರೆ ಎಳೆಯುತ್ತಿದ್ದಳು. ನಾನು ಶಿಕ್ಷೆ ಎಂದುಕೊಂಡಿದ್ದ ಆ ಅರ್ಧ ಗಂಟೆಯನ್ನು ಅವಳು ಮುಂಚಿತವಾಗಿ ಯೋಚಿಸಿ ಸಂಪಾದಿಸಿಕೊಳ್ಳುತ್ತಿದ್ದಾಳೆ ಎಂಬುದು ಹೊಳೆಯಲು ನನಗೆ ಮೂರು ವಾರ ಬೇಕಾಯಿತು. ಅಷ್ಟರಲ್ಲಿ ನಾನು ಅವಳ ದಾಖಲೆಯಲ್ಲಿ ‘ಶಾಂತ ಸ್ವಭಾವ, ಶಿಸ್ತಿನ ಹುಡುಗಿ’ ಎಂದು ಬರೆದೂ ಆಗಿತ್ತು.

ಗುರುತು ಹತ್ತಬಾರದೆಂದು ಹೆಸರು, ವರ್ಷ ಮತ್ತು ಮನೆಯವರ ಕೆಲವು ವಿವರಗಳನ್ನು ಇಲ್ಲಿ ಬಿಟ್ಟಿದ್ದೇನೆ.

ಹಿನ್ನೆಲೆ

ಹುಡುಗಿಯ ತಂದೆ ಗಾರೆ ಕೆಲಸದವರು. ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ಕಟ್ಟಡ ಕೆಲಸಕ್ಕಾಗಿ ಕರಾವಳಿಗೆ ಬಂದು, ಕೆಲಸ ನಡೆಯುವಲ್ಲೇ ಶೆಡ್ಡು ಹಾಕಿಕೊಂಡು, ಒಂದು ಕಟ್ಟಡ ಮುಗಿದೊಡನೆ ಇನ್ನೊಂದಕ್ಕೆ ಹೋಗುವ ಕುಟುಂಬಗಳನ್ನು ಮಂಗಳೂರು, ಉಡುಪಿಯವರೆಲ್ಲ ನೋಡಿರುತ್ತಾರೆ. ಅವಳಿಗೆ ಇದು ಮೂರನೆಯ ಶಾಲೆ. ಓದಿನಲ್ಲಿ ಹಿಂದೆ ಬಿದ್ದಿರಲಿಲ್ಲ. ಕನ್ನಡ ಪಾಠವನ್ನು ತರಗತಿಯ ಇಪ್ಪತ್ತೆಂಟು ಮಕ್ಕಳಲ್ಲಿ ಎಲ್ಲರಿಗಿಂತ ಸರಾಗವಾಗಿ ಓದುತ್ತಿದ್ದವಳು ಅವಳೇ.

ತೊಡಕು ಇದ್ದದ್ದೂ ಅಲ್ಲಿಯೇ. ನಮ್ಮ ಶಾಲೆಯಲ್ಲಿ ಪಾಠದ ಭಾಷೆ ಕನ್ನಡವಾದರೂ ಆಟದ ಭಾಷೆ ತುಳು. ಮನೆಯಲ್ಲಿ ಕೊಂಕಣಿ, ಬ್ಯಾರಿ, ಕುಂದಾಪುರದ ಕನ್ನಡ ಮಾತಾಡುವ ಮಕ್ಕಳೂ ಮೈದಾನಕ್ಕೆ ಇಳಿದರೆ ತುಳುವಿನಲ್ಲೇ ಕೂಗುತ್ತಾರೆ. ಅವರಿಗದು ಬಾಲವಾಡಿಯಿಂದ ಬಂದ ಅಭ್ಯಾಸ. ಗಂಟೆ ಬಾರಿಸುವ ತನಕ ತರಗತಿಯ ಒಳ್ಳೆಯ ಓದುಗಾರ್ತಿಯಾಗಿದ್ದ ಹುಡುಗಿ, ಗಂಟೆ ಬಾರಿಸಿದ ಕ್ಷಣಕ್ಕೆ ಭಾಷೆ ಬಾರದವಳಾಗುತ್ತಿದ್ದಳು. ಅವಳ ಕನ್ನಡವೂ ಇಲ್ಲಿಯವರ ಕಿವಿಗೆ ವಿಚಿತ್ರವಾಗಿತ್ತು. ‘ನನ್ನೂ ಆಟಕ್ಕ ತಗೋರಿ’ ಎಂದು ಅವಳು ಕೇಳಿದ ಮೊದಲ ವಾರದಿಂದಲೇ ಕೆಲವು ಮಕ್ಕಳು ಎಲ್ಲ ಮಾತಿಗೂ ‘ರಿ’ ಸೇರಿಸಿ ನಗಾಡಲು ತೊಡಗಿದ್ದರು. ಮಕ್ಕಳನ್ನು ಮಾತ್ರ ದೂರುವುದು ನ್ಯಾಯವಲ್ಲ. ಅವಳು ಶಾಲೆಗೆ ‘ಸಾಲಿ’ ಎಂದಾಗ ಅಧ್ಯಾಪಕರ ಕೊಠಡಿಯಲ್ಲಿ ನಾವೂ ನಕ್ಕಿದ್ದೆವು, ಅದೂ ಬಾಗಿಲು ತೆರೆದಿಟ್ಟುಕೊಂಡು.

ನಾನು ಮಾಡಿದ ಎರಡು ತಪ್ಪುಗಳು

ಲೆಕ್ಕ ಬಿಡುವುದರ ಗುಟ್ಟು ತಿಳಿದ ದಿನವೇ ಬಿಡುವಿನಲ್ಲಿ ಕೂರಿಸುವ ನಿಯಮವನ್ನು ತೆಗೆದುಹಾಕಿದೆ. ಆಡುವುದು ಮಗುವಿನ ಹಕ್ಕೆಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ಹೇಳುತ್ತದೆ, ಭಾರತವೂ 1992ರಲ್ಲಿ ಅದನ್ನು ಒಪ್ಪಿಕೊಂಡಿದೆ. ತರಬೇತಿಯಲ್ಲಿ ಇದನ್ನು ಬರೆದುಕೊಂಡು ಬಂದಿದ್ದ ನಾನು ವರ್ಷಗಟ್ಟಲೆ ಬಿಡುವನ್ನು ದಂಡದಂತೆ ವಸೂಲು ಮಾಡಿದ್ದೆ. ನಿಯಮ ಹೋದದ್ದು ಒಳ್ಳೆಯದೇ ಆಯಿತು, ಆದರೆ ಅದರೊಂದಿಗೆ ಅವಳ ಅಡಗುದಾಣವೂ ಹೋಯಿತು. ಮರುದಿನದಿಂದ ಅವಳು ನಳ್ಳಿಯ ಬಳಿ ಕಾಣಿಸತೊಡಗಿದಳು. ಅಕ್ಷರ ದಾಸೋಹದ ಊಟ ಮುಗಿಸಿ ತಟ್ಟೆ ತೊಳೆಯಲು ಸಾಲು ನಿಂತಾಗ ಹಿಂದಿನವರನ್ನೆಲ್ಲ ಮುಂದೆ ಬಿಡುತ್ತಿದ್ದಳು. ತನ್ನ ಸರದಿ ಬಂದಾಗ ಸ್ಟೀಲಿನ ತಟ್ಟೆಯನ್ನು ತೊಳೆದು, ಬೆಳಕಿಗೆ ಹಿಡಿದು ನೋಡಿ, ಅಂಚಿನಲ್ಲಿ ಬೆರಳಾಡಿಸಿ, ಮತ್ತೆ ನೀರಿಗೆ ಹಿಡಿಯುತ್ತಿದ್ದಳು. ಒಂದು ದಿನ ಎಣಿಸಿದೆ. ಒಂದೇ ತಟ್ಟೆಯನ್ನು ನಾಲ್ಕು ಸಲ ತೊಳೆದಿದ್ದಳು.

ಆಗ ನಾನು ಎಲ್ಲ ಟೀಚರುಗಳೂ ಮಾಡುವುದನ್ನೇ ಮಾಡಿದೆ. ಆಟದಲ್ಲಿ ಮುಂದಾಳಾಗಿದ್ದ ಹುಡುಗಿಯನ್ನು ಕರೆದು, ‘ನಾಳೆಯಿಂದ ಅವಳನ್ನೂ ಸೇರಿಸಿಕೊಳ್ಳಬೇಕು’ ಎಂದೆ. ‘ಆಯ್ತು ಟೀಚರ್’ ಎಂದಳು, ನುಡಿದಂತೆ ನಡೆದಳು. ಮಳೆ ಹೊಳವಾದ ಆ ವಾರ ಮೈದಾನದಲ್ಲಿ ಲಗೋರಿ ನಡೆಯುತ್ತಿತ್ತು, ಹಂಚಿನ ಏಳು ಚೂರುಗಳನ್ನು ಒಂದರ ಮೇಲೊಂದು ಪೇರಿಸಿ. ನಮ್ಮ ಹುಡುಗಿಯೂ ಒಂದು ಗುಂಪಿನಲ್ಲಿ ನಿಂತಿದ್ದಳು. ಕಿಟಕಿಯಿಂದ ನೋಡಿ ನಾನು ನೆಮ್ಮದಿಯಿಂದ ಚಹಾ ಕುಡಿದೆ. ಎರಡನೆಯ ದಿನ ಸ್ವಲ್ಪ ಹೆಚ್ಚು ಹೊತ್ತು ನೋಡಿದಾಗ ತಿಳಿಯಿತು, ಚೆಂಡು ಅವಳ ಕಡೆಗೆ ಬರುತ್ತಲೇ ಇಲ್ಲ. ಎಸೆಯುವ ಸರದಿ ಅವಳನ್ನು ಹಾರಿ ಮುಂದಿನವಳಿಗೆ ಹೋಗುತ್ತಿತ್ತು. ಅವಳಿಗೆ ಚೆಂಡು ತಾಗಿದರೂ ಯಾರೂ ಔಟ್ ಎನ್ನುತ್ತಿರಲಿಲ್ಲ.

ಚಿಕ್ಕ ತಮ್ಮ ತಂಗಿಯರು ಹಟ ಹಿಡಿದಾಗ ಅಳು ನಿಲ್ಲಿಸಲು ದೊಡ್ಡ ಮಕ್ಕಳು ಅವರನ್ನು ಸೇರಿಸಿಕೊಳ್ಳುವ ಬಗೆಗೆ ಕನ್ನಡದಲ್ಲಿ ಒಂದು ಮಾತಿದೆ: ಆಟಕ್ಕುಂಟು, ಲೆಕ್ಕಕ್ಕಿಲ್ಲ. ನಾಲ್ಕು ವರ್ಷದ ಮಗುವಿಗೆ ಅದೊಂದು ದಯೆ. ಅದು ಓಡಾಡಿ ಖುಷಿಪಡುತ್ತದೆ. ಹತ್ತು ವರ್ಷದ ಹುಡುಗಿಗೆ ತಾನು ಲೆಕ್ಕದಲ್ಲಿಲ್ಲವೆಂಬುದು ಮೊದಲ ಸುತ್ತಿನಲ್ಲೇ ಗೊತ್ತಾಗುತ್ತದೆ. ನನ್ನ ಆಜ್ಞೆಯಿಂದ ಆದದ್ದಿಷ್ಟೇ. ಹೊರಗೆ ನಿಂತು ನೋಡುತ್ತಿದ್ದವಳು ಒಳಗೆ ನಿಂತು ನೋಡುವಂತಾಯಿತು. ಚೆಂಡು ಬಾರದಿರುವುದು ಸಣ್ಣ ಸಂಗತಿಯಲ್ಲ. ಐಸೆನ್‌ಬರ್ಗರ್, ಲೀಬರ್‌ಮನ್ ಮತ್ತು ವಿಲಿಯಮ್ಸ್ ಎಂಬ ಮನೋವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮಿದುಳಿನ ಚಿತ್ರ ತೆಗೆಯುವ ಯಂತ್ರದೊಳಗೆ ಮಲಗಿದ್ದವರು ಕಂಪ್ಯೂಟರಿನಲ್ಲಿ ಚೆಂಡೆಸೆಯುವ ಆಟವಾಡುತ್ತಿದ್ದರು. ಉಳಿದ ಆಟಗಾರರು ತಮಗೆ ಚೆಂಡು ಕೊಡುವುದನ್ನು ನಿಲ್ಲಿಸಿದಾಗ, ಮೈನೋವಿನ ಸಂಕಟಕ್ಕೆ ಸಂಬಂಧಿಸಿದ ಮಿದುಳಿನ ಭಾಗವೊಂದು ಅವರಲ್ಲಿ ಚುರುಕಾಗಿದ್ದುದು ಕಂಡುಬಂತು. ಅವರು ವಯಸ್ಕರು, ಎದುರಾಳಿಗಳ ಮುಖವನ್ನೂ ಕಂಡವರಲ್ಲ. ಇವಳು ದಿನವೂ ಅದೇ ಮುಖಗಳ ನಡುವೆ ಕುಳಿತು ಪಾಠ ಕೇಳಬೇಕಾದವಳು.

ಎರಡನೆಯ ತಪ್ಪು ಇನ್ನೂ ಕೆಟ್ಟದು. ಆ ಶುಕ್ರವಾರ ಯಾರ ಹೆಸರನ್ನೂ ಹೇಳದೆ, ‘ಹೊಸಬರನ್ನು ಹೇಗೆ ನೋಡಿಕೊಳ್ಳಬೇಕು’ ಎಂದು ತರಗತಿಗೆ ಇಪ್ಪತ್ತು ನಿಮಿಷ ಉಪದೇಶ ಮಾಡಿದೆ. ಎರಡನೆಯ ವಾಕ್ಯಕ್ಕೇ ಇಪ್ಪತ್ತೇಳು ತಲೆಗಳು ಅವಳ ಕಡೆ ತಿರುಗಿದವು. ಅವಳು ಪೆನ್ಸಿಲ್ ಬೀಳಿಸಿ, ಅದನ್ನು ಹುಡುಕುವ ನೆಪದಲ್ಲಿ ಬೆಂಚಿನ ಅಡಿಗೆ ಬಗ್ಗಿದವಳು ನನ್ನ ಉಪದೇಶ ಮುಗಿಯುವ ತನಕ ಮೇಲೇಳಲಿಲ್ಲ. ಸೋಮವಾರ ಲಗೋರಿ ಅಡುಗೆ ಕೋಣೆಯ ಹಿಂಭಾಗಕ್ಕೆ, ನನ್ನ ಕಿಟಕಿಗೆ ಕಾಣದ ಜಾಗಕ್ಕೆ ಹೋಗಿತ್ತು.

ಗಮನಿಸಿದ್ದು

ಅನಂತರವೇ ನಾನು ಮೊದಲು ಮಾಡಬೇಕಾಗಿದ್ದ ಕೆಲಸಕ್ಕೆ ಕುಳಿತದ್ದು. ಸಹೋದ್ಯೋಗಿಯೊಬ್ಬರ ನೆರವಿನಿಂದ ಹತ್ತು ಶಾಲಾ ದಿನಗಳ ಕಾಲ, ಊಟ ಮುಗಿದ ಮೇಲಿನ ಅರ್ಧ ಗಂಟೆಯಲ್ಲಿ ಐದು ನಿಮಿಷಕ್ಕೊಮ್ಮೆ, ಅವಳು ಎಲ್ಲಿದ್ದಾಳೆ, ಯಾರೊಂದಿಗಿದ್ದಾಳೆ, ಕಣ್ಣು ಯಾವ ಕಡೆಗಿದೆ ಎಂಬ ಮೂರನ್ನಷ್ಟೇ ಬರೆದುಕೊಂಡೆವು. ಒಟ್ಟು 60 ಗುರುತುಗಳಲ್ಲಿ 41ರಲ್ಲಿ ಅವಳು ಒಬ್ಬಳೇ ಇದ್ದಳು, 5ರಲ್ಲಿ ಸಹಪಾಠಿಗಳ ಜೊತೆಗಿದ್ದಳು. ಉಳಿದ 14ರಲ್ಲಿ ಒಂದನೆಯ, ಎರಡನೆಯ ತರಗತಿಯ ಮಕ್ಕಳೊಂದಿಗೆ ಇದ್ದಳು, ಮತ್ತು ಆ ಹೊತ್ತಿನಲ್ಲಿ ಆಟದ ನಿಯಮ ಹೇಳಿಕೊಡುತ್ತಿದ್ದವಳು, ಜಗಳ ಬಿಡಿಸುತ್ತಿದ್ದವಳು ಅವಳೇ. ಕೂಡಿ ಆಡಲು ಬರದ ಮಗು ಇದಲ್ಲವೆಂಬುದನ್ನು ಆ 14 ಗುರುತುಗಳು ನನಗೆ ಖಚಿತಪಡಿಸಿದವು.

ಒಬ್ಬಳೇ ಇರುವ ಮಗುವೆಲ್ಲ ಹೊರಗುಳಿದ ಮಗುವಲ್ಲ. ಕೆಲವು ಮಕ್ಕಳಿಗೆ ಮೂಲೆಯಲ್ಲಿ ಕುಳಿತು ಇರುವೆ ಸಾಲು ನೋಡುವುದೇ ಸುಖ. ಅಂಥವರನ್ನು ಎಬ್ಬಿಸಿ ಗುಂಪಿಗೆ ದೂಡುವುದು ಅನ್ಯಾಯ. ವ್ಯತ್ಯಾಸ ತಿಳಿಯುವುದು ಕಣ್ಣಿನಿಂದ. ಒಬ್ಬಳೇ ಇದ್ದ 41 ಗುರುತುಗಳಲ್ಲಿ ಹೆಚ್ಚಿನವುಗಳಲ್ಲಿ ಅವಳ ಕಣ್ಣು ಇತರರ ಆಟದ ಮೇಲಿತ್ತು. ಗುಂಪು ಸರಿದ ಹಾಗೆ ಅವಳೂ ಕಂಬದಿಂದ ಕಂಬಕ್ಕೆ ಸರಿಯುತ್ತಿದ್ದಳು, ಆಟ ಮುರಿದು ಮಕ್ಕಳು ಚದರಿದ ಕೂಡಲೇ ನಳ್ಳಿಗೆ ಹೋಗುತ್ತಿದ್ದಳು. ಹೀಗೆ ಅಂಚಿನಲ್ಲಿ ನಿಂತು ನೋಡುವುದನ್ನು ಮಿಲ್ಡ್ರೆಡ್ ಪಾರ್ಟನ್ ಎಂಬ ಸಂಶೋಧಕಿ 1932ರಲ್ಲೇ ಪುಟ್ಟ ಮಕ್ಕಳ ಆಟದ ಒಂದು ಬಗೆಯೆಂದು ಗುರುತಿಸಿದ್ದರು. ಪುಟ್ಟವರಲ್ಲಿ ಅದು ಬಂದು ಹೋಗುತ್ತದೆ. ಐದನೆಯ ತರಗತಿಯಲ್ಲಿ ಹತ್ತು ದಿನವೂ ಅದೇ ಕಂಡರೆ ದಾರಿ ಎಲ್ಲೋ ಮುಚ್ಚಿದೆ ಎಂದೇ ಅರ್ಥ.

ಜೊತೆಗೆ ಒಂದು ಚೀಟಿ ಬರೆಸಿದೆ. ಗುಂಪು ಚಟುವಟಿಕೆಗೆ ಯಾರ ಜೊತೆ ಕೂರಲು ಇಷ್ಟವೋ ಅಂಥ ಮೂವರ ಹೆಸರನ್ನು ಗುಟ್ಟಾಗಿ ಬರೆದುಕೊಡಬೇಕು. ಮನೋವೈದ್ಯ ಜೇಕಬ್ ಮೊರೆನೊ 1934ರ ಹೊತ್ತಿಗೆ ರೂಪಿಸಿದ ವಿಧಾನ ಇದು. ‘ಯಾರು ಬೇಡ’ ಎಂಬ ಪ್ರಶ್ನೆಯನ್ನು ನಾನು ಕೇಳಲಿಲ್ಲ, ಶಿಕ್ಷಕರು ಅದನ್ನು ಕೇಳಕೂಡದು ಎಂದೇ ನನ್ನ ಅಭಿಪ್ರಾಯ. ಮಕ್ಕಳು ಹೊರಗೆ ಹೋಗಿ ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಇರುವುದಿಲ್ಲ. ಅವಳ ಹೆಸರನ್ನು ಯಾರೂ ಬರೆದಿರಲಿಲ್ಲ, ಅದು ನಿರೀಕ್ಷಿತವೇ. ಬೆರಗಾದದ್ದು, ದಿನವಿಡೀ ಗದ್ದಲದ ನಡುವೆಯೇ ಇರುತ್ತಿದ್ದ ಹುಡುಗನೊಬ್ಬನ ಹೆಸರೂ ಒಂದು ಚೀಟಿಯಲ್ಲೂ ಇಲ್ಲದ್ದನ್ನು ಕಂಡು. ಸಹಪಾಠಿಗಳ ನಡುವೆ ಮಕ್ಕಳಿಗಿರುವ ಸ್ಥಾನದ ಬಗ್ಗೆ ಕೋಯ್ ಎಂಬ ಮನೋವಿಜ್ಞಾನಿ ಮತ್ತು ಸಂಗಡಿಗರು 1982ರಲ್ಲಿ ಮಾಡಿದ ವಿಂಗಡಣೆಯ ಪ್ರಕಾರ ಇವರಿಬ್ಬರದೂ ಬೇರೆ ಬೇರೆ ಸ್ಥಿತಿ. ಅವಳು ಯಾರ ಗಮನಕ್ಕೂ ಬಾರದವಳು, ಅವನು ಗಮನಕ್ಕೆ ಬಂದು ಬೇಡವಾದವನು. ಸೋತಾಗ ಚೆಂಡನ್ನು ಬಾವಿಗೆ ಎಸೆಯುವ ಹುಡುಗನಿಗೆ ಬೇಕಾದ ಸಹಾಯವೇ ಬೇರೆ. ಅವನ ಸಂಗತಿಯನ್ನು ಇಲ್ಲಿ ಬೆಳೆಸುವುದಿಲ್ಲ, ಇಬ್ಬರಿಗೂ ಒಂದೇ ಮದ್ದು ಕೊಡಲು ಹೊರಟರೆ ಇಬ್ಬರಿಗೂ ಕೆಡುಕಾಗುತ್ತದೆ ಎಂದಷ್ಟೇ ಹೇಳುತ್ತೇನೆ.

ಇನ್ನೊಂದು ಸಂಗತಿ ಗೇಟಿನ ಬಳಿ ನಿಂತಾಗ ಗೊತ್ತಾಯಿತು. ಲಗೋರಿಯ ಎರಡು ಗುಂಪುಗಳು ಮೈದಾನದಲ್ಲಿ ಹುಟ್ಟುತ್ತಲೇ ಇರಲಿಲ್ಲ. ಒಂದು ಗುಂಪು ಬೆಳಿಗ್ಗೆ ಒಂದೇ ರಿಕ್ಷಾದಲ್ಲಿ ಬರುವವರದು, ಇನ್ನೊಂದು ಗದ್ದೆಯ ಬದುವಿನ ದಾರಿಯಲ್ಲಿ ಒಟ್ಟಿಗೆ ನಡೆದು ಬರುವವರದು. ಮಧ್ಯಾಹ್ನದ ಆಟದ ಮಾತುಕತೆ ಬೆಳಿಗ್ಗೆ ಎಂಟೂಮುಕ್ಕಾಲಿಗೇ ಮುಗಿದಿರುತ್ತಿತ್ತು. ಅಪ್ಪನ ಬೈಕಿನಲ್ಲಿ ಒಬ್ಬಳೇ ಬಂದು ಇಳಿಯುವ ಹುಡುಗಿಗೆ ಯಾವ ಗುಂಪೂ ಇರಲು ಸಾಧ್ಯವಿರಲಿಲ್ಲ. ಅವಳನ್ನು ದೂರವಿಡಬೇಕೆಂದು ಯಾರೂ ನಿರ್ಧರಿಸಿರಲಿಲ್ಲ. ಹೀಗಾಗಿ ನನ್ನ ಉಪದೇಶ ತಾಗಲು ಅಲ್ಲಿ ತಪ್ಪಿತಸ್ಥರೇ ಇರಲಿಲ್ಲ.

ತಾಯಿಯ ಮಾತು

ತಾಯಿಯನ್ನು ಕರೆಸಿದಾಗ ಅವರು ಹೆದರಿಕೊಂಡೇ ಬಂದರು. ‘ಏನ್ ತಪ್ಪ ಮಾಡ್ಯಾಳ್ರಿ ಅಕ್ಕಾರ?’ ಎಂಬುದೇ ಮೊದಲ ಮಾತು. ತಪ್ಪೇನಿಲ್ಲ, ಶಾಲೆಯಲ್ಲಿ ಮಾತೇ ಆಡುವುದಿಲ್ಲ ಎಂದಾಗ ಅವರು ನಂಬಲಿಲ್ಲ. ‘ಮನ್ಯಾಗ ಬಾಯಿ ಮುಚ್ಚಂಗಿಲ್ರಿ ಆಕಿ’ ಎಂದರು. ದಿನವೂ ಸಂಜೆ ‘ಇವತ್ತರ ಯಾರರ ಆಟಕ್ಕ ಕರದ್ರೇನು?’ ಎಂದು ಮಗಳನ್ನು ಕೇಳುತ್ತಿದ್ದರಂತೆ, ಇಲ್ಲವೆಂದರೆ ‘ನೀನ ಹೋಗಿ ಕೂಡು’ ಎಂದು ಗದರುತ್ತಿದ್ದರಂತೆ. ಆ ಪ್ರಶ್ನೆಯನ್ನು ಕೆಲವು ದಿನ ಬಿಡಲು ಕೇಳಿಕೊಂಡೆ. ದಿನಾ ಸಂಜೆ ಸೋಲಿನ ವರದಿ ಒಪ್ಪಿಸಬೇಕಾದ ಮಗು ಬೇಗನೆ ಸುಳ್ಳು ಹೇಳಲು ಕಲಿಯುತ್ತದೆ, ಇಲ್ಲವೇ ಹೊಟ್ಟೆನೋವು ಎನ್ನಲು. ಅದರ ಬದಲು ಇವತ್ತು ಮಕ್ಕಳು ಯಾವ ಆಟ ಆಡಿದರು, ಅದನ್ನು ಹೇಗೆ ಆಡುತ್ತಾರೆ ಎಂದು ಕೇಳಿದರೆ, ದೂರ ನಿಂತು ನೋಡಿದ್ದೂ ಅವಳಿಗೆ ಹೇಳಲು ಒಂದು ವಿಷಯವಾಗುತ್ತದೆ. ಈ ಸಣ್ಣ ಬದಲಾವಣೆಯನ್ನು ಆ ತಾಯಿ ನನಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡರು.

ಆಟಿಯ ಮಳೆ, ಚೆನ್ನೆಮಣೆ

ಅಮೆರಿಕದ ಶಾಲೆಗಳಲ್ಲಿ ಒಂಟಿಯಾದ ಮಗು ಹೋಗಿ ಕೂರಲೆಂದು ‘ಗೆಳೆತನದ ಬೆಂಚು’ ಇಡುವ ಪದ್ಧತಿ 2013ರ ಹೊತ್ತಿಗೆ ಸುದ್ದಿಯಾಗಿತ್ತು. ನಮ್ಮ ಮುಖ್ಯ ಶಿಕ್ಷಕರು ಅದನ್ನು ಎಲ್ಲೋ ಓದಿ ನನಗೆ ಸೂಚಿಸಿದರು. ಇಪ್ಪತ್ತೇಳು ತಲೆಗಳು ತಿರುಗಿದ್ದನ್ನು ಕಂಡಿದ್ದ ನನಗೆ ಧೈರ್ಯ ಬರಲಿಲ್ಲ. ನೂರೈವತ್ತು ಮಕ್ಕಳ ಶಾಲೆಯಲ್ಲಿ ಅಂಥ ಬೆಂಚಿನ ಮೇಲೆ ಕೂರುವುದೆಂದರೆ ಹಣೆಗೆ ಚೀಟಿ ಅಂಟಿಸಿಕೊಂಡ ಹಾಗೆ.

ಆಟವನ್ನೇ ಬದಲಾಯಿಸಬೇಕೆಂದು ಹೊಳೆದದ್ದು ಮಳೆಯಿಂದ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ನಾಡು ಇದು, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜುಲೈ ಕೊನೆಯಿಂದ ಮೈದಾನ ಕೆಸರಿನ ಗದ್ದೆಯಾಗಿ, ಅಷ್ಟೂ ಮಕ್ಕಳು ಜಗಲಿಯಲ್ಲೇ ಬಿಡುವು ಕಳೆಯಬೇಕಾಯಿತು. ಗುಂಪಾಟಕ್ಕೆ ಜಾಗವಿಲ್ಲ. ಒಬ್ಬರು ಹೆಚ್ಚಾದರೂ ಒಬ್ಬರು ಕಡಿಮೆಯಾದರೂ ನಡೆದುಹೋಗುವುದು ಗುಂಪಾಟದ ಗುಣ, ಹೊಸಬರಿಗೆ ಕಷ್ಟವಾಗುವುದೂ ಅದರಿಂದಲೇ. ಇಬ್ಬರೇ ಆಡುವ ಆಟಕ್ಕೆ ಎದುರಿಗೆ ಒಬ್ಬರು ಬೇಕೇ ಬೇಕು. ಅಡುಗೆಯ ಅಕ್ಕನಲ್ಲಿ ಇದನ್ನು ಹೇಳಿದಾಗ ಅವರು ಮರುದಿನವೇ ಮನೆಯ ಅಟ್ಟದಿಂದ ಮರದ ಚೆನ್ನೆಮಣೆಯೊಂದನ್ನು, ಜೊತೆಗೆ ಒಂದು ಡಬ್ಬಿ ಕೆಂಪು ಮಂಜೊಟ್ಟಿ ಕಾಯಿಗಳನ್ನು ತಂದರು. ‘ಆಟಿ ಮುಗಿದ ಮೇಲೆ ವಾಪಾಸು ಮೇಲೆ ಇಡ್ಲಿಕ್ಕೆ ಉಂಟು ಟೀಚರ್’ ಎಂದು ಮೊದಲೇ ಎಚ್ಚರಿಸಿದರು. ತುಳುನಾಡಿನಲ್ಲಿ ಚೆನ್ನೆ ಆಟಿ ತಿಂಗಳ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕದ ಮಳೆಗಾಲದ, ಆಟ. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಕಾಯಿ, ಒಟ್ಟು 56. ಮಣೆ ಒಂದೇ ಇದ್ದುದರಿಂದ ಜಗಲಿಯ ನೆಲದಲ್ಲಿ ಸೀಮೆಸುಣ್ಣದಿಂದ ಇನ್ನೂ ಐದು ಮಣೆ ಬರೆದು, ಹುಣಸೆ ಬೀಜ ಕೊಟ್ಟೆವು. ಯಾರೊಂದಿಗೆ ಯಾರು ಎಂಬುದನ್ನು ಮಕ್ಕಳಿಗೂ ಬಿಡಲಿಲ್ಲ, ನಾನೂ ಹೇಳಲಿಲ್ಲ. ಡಬ್ಬಿಯಿಂದ ಸಂಖ್ಯೆಯ ಚೀಟಿ ಎತ್ತಬೇಕು, ಒಂದೇ ಸಂಖ್ಯೆ ಬಂದವರು ಎದುರುಬದುರು.

ಆಟ ಅವಳಿಗೆ ಹೊಸದಾಗಿರಲಿಲ್ಲ. ಅವಳ ಅಜ್ಜಿಯ ಊರಲ್ಲಿ ಅದಕ್ಕೆ ಅಳಗುಳಿಮಣೆ ಎನ್ನುತ್ತಾರೆ. ಇಷ್ಟರಿಂದಲೇ ಎಲ್ಲ ಸರಿಹೋಯಿತೆಂದು ಬರೆಯುವ ಆಸೆ ನನಗೂ ಇದೆ, ಆದರೆ ಮೊದಲ ಆರು ದಿನ ಅವಳು ಬಾಯಿ ಬಿಡದೆ ಆಡಿ, ಬಾಯಿ ಬಿಡದೆ ಗೆದ್ದು ಅಥವಾ ಸೋತು, ಎದ್ದು ಹೋದಳು. ಏಳನೆಯ ದಿನ ಚೀಟಿಯಲ್ಲಿ ಎದುರಾದವಳು ಲಗೋರಿಯ ಆ ಮುಂದಾಳು ಹುಡುಗಿ. ಗುಳಿಯಲ್ಲಿ ನಾಲ್ಕು ಕಾಯಿ ಕೂಡಿದ್ದೇ ಅವಳು ಕೈ ಹಾಕಿದಳು. ನಮ್ಮವಳು ಆ ಕೈಯನ್ನು ಹಿಡಿದುಕೊಂಡಳು.

‘ನಮ್ಮಜ್ಜಿ ಹಂಗ ಆಡಂಗಿಲ್ಲ.’

‘ನಾಲ್ಕಾದ ಕೂಡ್ಲೇ ತೆಗೀಲಿಕ್ಕೆ ಉಂಟು. ಇಲ್ಲಿ ರೂಲ್ಸು ಹಾಗೇ.’

‘ಇಲ್ಲ. ಗುಳಿಗೆ ಐದೈದು ಹಾಕಿ ಆಡಬೇಕು. ನಿಮ್ಮದ ತಪ್ಪೈತಿ.’

ಸ್ವರ ಏರಿತು. ಸುತ್ತ ಮಕ್ಕಳು ನೆರೆದರು. ಹತ್ತು ಹೆಜ್ಜೆ ದೂರದಲ್ಲಿದ್ದ ನಾನು ಬಿಡಿಸಲೆಂದು ಎದ್ದವಳು ಹಾಗೆಯೇ ಕುಳಿತೆ. ಲೆಕ್ಕಕ್ಕಿಲ್ಲದವರೊಡನೆ ಯಾರೂ ಜಗಳವಾಡುವುದಿಲ್ಲ. ಲಗೋರಿಯಲ್ಲಿ ಚೆಂಡು ತಾಗಿದರೂ ಔಟ್ ಎನಿಸಿಕೊಳ್ಳದಿದ್ದ ಹುಡುಗಿಯ ನಿಯಮವನ್ನು ಈಗ ಮುಂದಾಳು ಹುಡುಗಿಯೇ ಕೆಂಪು ಮುಖ ಮಾಡಿಕೊಂಡು ವಿರೋಧಿಸುತ್ತಿದ್ದಳು. ಆ ಶಾಲೆಯಲ್ಲಿ ಅವಳಿಗೆ ಸಂದ ಮೊದಲ ಮರ್ಯಾದೆ ಅದು. ಪಂಚಾಯಿತಿಕೆ ಅಡುಗೆಯ ಅಕ್ಕನವರೆಗೆ ಹೋಗಿ, ಒಂದು ದಿನ ಇಲ್ಲಿಯ ಹಾಗೆ, ಒಂದು ದಿನ ಅಜ್ಜಿಯ ಹಾಗೆ ಎಂದು ತೀರ್ಮಾನವಾಯಿತು. ಅಜ್ಜಿಯ ನಿಯಮ ಗೊತ್ತಿದ್ದವಳು ಅವಳೊಬ್ಬಳೇ ಆದ್ದರಿಂದ ಆ ದಿನಗಳಲ್ಲಿ ಆರೂ ಮಣೆಗಳವರು ಸಂಶಯ ಬಂದಾಗ ಅವಳನ್ನೇ ಕೂಗಬೇಕಾಯಿತು. ಈ ಏರ್ಪಾಟನ್ನು ನಾನು ಯೋಜಿಸಿದ್ದಲ್ಲ, ಯೋಜಿಸಲು ನನ್ನಿಂದಾಗುತ್ತಲೂ ಇರಲಿಲ್ಲ.

ಮೈದಾನಕ್ಕೆ ಮರಳಿದಾಗ

ಆಟಿ ಮುಗಿದು ಮರದ ಮಣೆ ಅಟ್ಟ ಸೇರಿತು. ಸೀಮೆಸುಣ್ಣದ ಮಣೆಗಳು ಸೆಪ್ಟೆಂಬರ್ ತನಕ ಉಳಿದವು. ಮಳೆ ಹಿಂದೆಗೆದು ಮೈದಾನ ಒಣಗಿದ್ದೇ ತಡ, ಎಲ್ಲರೂ ಲಗೋರಿಗೆ ಓಡಿದರು, ಹಳೆಯ ರಿಕ್ಷಾ ಗುಂಪು, ಬದುವಿನ ಗುಂಪು ಹಾಗೆಯೇ ಎದ್ದು ನಿಂತವು. ಜಗಲಿಯ ಸ್ನೇಹ ಮೈದಾನಕ್ಕೆ ತಾನಾಗಿ ಇಳಿಯುತ್ತದೆ ಎಂದು ನಾನು ಎಣಿಸಿದ್ದೆ. ಇಳಿಯಲಿಲ್ಲ. ಎರಡನೆಯ ದಿನ ಒಬ್ಬಳು ಗೆಳತಿ ಅವಳನ್ನು ಕರೆದುಕೊಂಡೇನೋ ಹೋದಳು. ಚೆನ್ನೆಯಾಡುತ್ತ ಅವಳು ತುಳುವಿನಲ್ಲಿ ಎಣಿಸಲು ಕಲಿತಿದ್ದಳು: ಒಂಜಿ, ರಡ್ಡ್, ಮೂಜಿ, ನಾಲ್, ಹೀಗೆ ಪತ್ತ್‌ವರೆಗೆ. ಚೆಂಡು ಅವಳ ಕಡೆ ಹಾರಿ ಬಂದಾಗ ಎಲ್ಲರೂ ‘ಪತ್ತ್! ಪತ್ತ್!’ ಎಂದು ಕೂಗಿದರು. ಹತ್ತಾಯಿತು, ಆಟ ಮುಗಿಯಿತು ಎಂದುಕೊಂಡು ಅವಳು ಕೈ ಕೆಳಗಿಟ್ಟು ನಿಂತಳು. ತುಳುವಿನಲ್ಲಿ ಹತ್ತಕ್ಕೂ ಪತ್ತ್, ಹಿಡಿ ಎನ್ನುವುದಕ್ಕೂ ಪತ್ತ್. ಚೆಂಡು ಪಕ್ಕದಲ್ಲೇ ಹೋಯಿತು, ಅವಳ ಗುಂಪು ಸೋತಿತು, ಮಕ್ಕಳು ನಕ್ಕರು. ಆ ಮಧ್ಯಾಹ್ನ ಅವಳು ಮತ್ತೆ ನಳ್ಳಿಯ ಬಳಿಗೆ ಹೋದಳು.

ಈ ಬಾರಿ ಮೂರು ಕೆಲಸಗಳಾದವು. ಮೊದಲನೆಯದು ಸುಲಭದ್ದು. ಚೆನ್ನೆಯ ಚೀಟಿ ಡಬ್ಬಿಯನ್ನೇ ಮೈದಾನಕ್ಕೂ ತಂದು, ವಾರದಲ್ಲಿ ಮೂರು ದಿನ ಗುಂಪನ್ನು ಚೀಟಿಯಿಂದಲೇ ಮಾಡಬೇಕು, ಉಳಿದ ದಿನ ಅವರಿಷ್ಟ ಎಂದು ಗೊತ್ತುಮಾಡಿದೆವು. ಮುಂದಾಳುಗಳಿಬ್ಬರು ಒಬ್ಬೊಬ್ಬರನ್ನಾಗಿ ಆರಿಸಿಕೊಳ್ಳುವ ಪದ್ಧತಿಯಲ್ಲಿ ಕೊನೆಗೆ ಉಳಿಯುವ ಮಗುವಿನ ಮುಖವನ್ನು ಒಮ್ಮೆ ನೋಡಿದವರಿಗೆ ಚೀಟಿ ಏಕೆಂದು ವಿವರಿಸಬೇಕಾಗಿಲ್ಲ.

ಎರಡನೆಯದು ನನಗೆ ಕಷ್ಟವಾದದ್ದು. ತರಗತಿಯೊಳಗೆ ತುಳು ಮಾತಾಡಕೂಡದು ಎಂದು ನಾನೇ ಗದರುತ್ತಿದ್ದೆ. ಒಂದು ಶನಿವಾರ ಹಲಗೆಯ ಮೇಲೆ ಲಗೋರಿಯ ಮಾತುಗಳನ್ನು ಮಕ್ಕಳಿಂದಲೇ ಬರೆಸಿದೆ. ಓಡು ಎನ್ನಲು ಬಲಿಪು, ನಿಲ್ಲು ಎನ್ನಲು ಉಂತು, ಹಿಡಿ ಎನ್ನಲು ಪತ್ತ್. ಪಕ್ಕದಲ್ಲಿ ಕೊಂಕಣಿಯಲ್ಲಿ ಏನು, ಬ್ಯಾರಿಯಲ್ಲಿ ಏನು, ಕುಂದಾಪುರದಲ್ಲಿ ಹೇಗೆ, ಬಾಗಲಕೋಟೆಯಲ್ಲಿ ಹೇಗೆ. ‘ಪತ್ತ್’ ಎಂಬಲ್ಲಿ ಅವಳೇ ಎದ್ದು ತಾನು ಮೋಸಹೋದ ಕಥೆ ಹೇಳಿದಳು. ತರಗತಿಯ ಎದುರು ಅವಳು ತಾನಾಗಿ ಆಡಿದ ಮೊದಲ ಮಾತು ಅದು. ‘ರಿ’ ಎಂದು ನಗಾಡುವುದು ಪೂರ್ತಿ ನಿಂತಿತೆಂದು ಹೇಳಲಾರೆ, ಕಡಿಮೆಯಾಯಿತು. ಅಧ್ಯಾಪಕರ ಕೊಠಡಿಯಲ್ಲಿ ನಾವು ನಿಲ್ಲಿಸಿದ್ದಂತೂ ಹೌದು.

ಮೂರನೆಯದು ಅವಳೊಂದಿಗೆ, ಬೇರಾರಿಗೂ ಗೊತ್ತಾಗದ ಹಾಗೆ, ಪುಸ್ತಕ ಹಂಚುವ ನೆಪದಲ್ಲಿ. ನಡೆಯುತ್ತಿರುವ ಆಟಕ್ಕೆ ಮಕ್ಕಳು ಹೇಗೆ ಸೇರಿಕೊಳ್ಳುತ್ತಾರೆಂಬುದನ್ನು ಪುಟಲಾಜ್ ಮತ್ತು ಗಾಟ್‌ಮನ್ ಎಂಬ ಮನೋವಿಜ್ಞಾನಿಗಳು 1981ರಲ್ಲಿ ಅಧ್ಯಯನ ಮಾಡಿದ್ದರು. ತನ್ನ ಬಗ್ಗೆ ಹೇಳಿಕೊಳ್ಳುತ್ತ, ಪ್ರಶ್ನೆ ಕೇಳುತ್ತ ಬರುವ ಮಗುವನ್ನು ಗುಂಪು ಕಡೆಗಣಿಸುವುದು ಹೆಚ್ಚು. ಆಟ ಯಾವ ಹದದಲ್ಲಿದೆಯೆಂದು ನೋಡಿಕೊಂಡು ಅದಕ್ಕೆ ಹೊಂದುವಂತೆ ಏನಾದರೂ ಮಾಡುವ ಮಗು ಹೆಚ್ಚು ಸುಲಭವಾಗಿ ಒಳಸೇರುತ್ತದೆ. ‘ನನ್ನೂ ತಗೋರಿ’ ಎಂದು ಕೇಳಿದರೆ ‘ಇಲ್ಲ’ ಎನ್ನುವುದು ಗುಂಪಿಗೆ ಬಹಳ ಸುಲಭ. ನೋಡುವುದರಲ್ಲಂತೂ ಅವಳಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಕೇಳುವ ಬದಲು ಹೊರಗೆ ಉರುಳಿದ ಚೆಂಡನ್ನು ಎತ್ತಿ ಎಸೆಯುವುದು, ಹಂಚಿನ ಚೂರುಗಳನ್ನು ಆರಿಸಿ ತರುವುದು, ಗುಂಪಿನಲ್ಲಿ ಒಬ್ಬರು ಕಡಿಮೆಯಿರುವ ಹೊತ್ತು ನೋಡಿ ಹೋಗುವುದು ಎಂಬುದನ್ನು ಇಬ್ಬರೂ ಕೂಡಿ ಯೋಚಿಸಿದೆವು. ಚೆನ್ನಾದ ಚಪ್ಪಟೆ ಚೂರುಗಳು ಅವಳ ಅಪ್ಪ ಕೆಲಸ ಮಾಡುವಲ್ಲಿ ಬೇಕಾದಷ್ಟು ಸಿಗುತ್ತಿದ್ದವು. ಒಂದು ದಿನ ಏಳನ್ನು ಚೀಲದಲ್ಲಿ ಹಾಕಿಕೊಂಡು ಬಂದಳು. ಸ್ನೇಹವನ್ನು ಹಂಚಿನ ಚೂರು ಕೊಟ್ಟು ಕೊಳ್ಳಬಾರದೆಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನನಗೆ ಹಾಗನ್ನಿಸಲಿಲ್ಲ; ಮಕ್ಕಳ ಆಟಕ್ಕೆ ಯಾರಾದರೊಬ್ಬರು ಏನನ್ನಾದರೂ ತರಲೇಬೇಕು.

ಜನವರಿಯಲ್ಲಿ ಮತ್ತೆ ಹತ್ತು ದಿನ ಮೊದಲಿನಂತೆಯೇ ಗುರುತು ಹಾಕಿದೆವು. 60ರಲ್ಲಿ 34 ಸಹಪಾಠಿಗಳೊಂದಿಗೆ, 9 ಪುಟ್ಟ ಮಕ್ಕಳೊಂದಿಗೆ, 17 ಒಬ್ಬಳೇ. ಆ 17ರಲ್ಲಿ ಹೆಚ್ಚಿನ ಹೊತ್ತು ಅವಳು ಮೆಟ್ಟಿಲ ಮೇಲೆ ಗ್ರಂಥಾಲಯದ ಪುಸ್ತಕ ಹಿಡಿದಿದ್ದಳು, ಕಣ್ಣು ಪುಸ್ತಕದಲ್ಲೇ ಇತ್ತು. ಅದನ್ನು ನಾನು ಸಮಸ್ಯೆಯ ಲೆಕ್ಕಕ್ಕೆ ಸೇರಿಸಿಲ್ಲ. ಹೊಸ ಚೀಟಿಯಲ್ಲಿ ಅವಳ ಹೆಸರನ್ನು ಇಬ್ಬರು ಬರೆದಿದ್ದರು. ಮುಂದಾಳು ಹುಡುಗಿ ಬರೆದಿರಲಿಲ್ಲ.

ಎಲ್ಲ ಪ್ರಕರಣಗಳೂ ಶಾಲೆಯೊಳಗೇ ಮುಗಿಯುವಂಥವಲ್ಲ. ಗುಂಪಿನ ಹೊರಗುಳಿಯುವುದು ಬೇರೆ, ಯಾರೋ ಬೇಕೆಂದೇ ಬೆದರಿಸಿ ಹೊರಗಿಡುವುದು ಬೇರೆ. ಮೈಮೇಲೆ ಗಾಯ, ಮತ್ತೆ ಮತ್ತೆ ಕಳೆದುಹೋಗುವ ವಸ್ತುಗಳು, ವಾರಗಟ್ಟಲೆ ನಿದ್ದೆಗೇಡು, ಬೆಳಿಗ್ಗೆ ಮಾತ್ರ ಬರುವ ಹೊಟ್ಟೆನೋವು, ಶಾಲೆಗೆ ಹೋಗುವುದೇ ಇಲ್ಲವೆಂಬ ಹಟ, ಬದುಕು ಬೇಡವೆಂಬ ಮಾತು, ಇವುಗಳಲ್ಲಿ ಯಾವುದು ಕಂಡರೂ ಚೆನ್ನೆಮಣೆ ಹಿಡಿದು ಕೂರಬಾರದು. ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು, ಮಾನಸಿಕ ಆರೋಗ್ಯದ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ಈ ಹುಡುಗಿಯಲ್ಲಿ ಅಂಥ ಲಕ್ಷಣ ಯಾವುದೂ ಇರಲಿಲ್ಲ. ಇದ್ದಿದ್ದರೆ ನಾನು ಕಳೆದುಕೊಂಡ ಆ ಮೂರು ವಾರ ದುಬಾರಿಯಾಗುತ್ತಿತ್ತು.

ಏಪ್ರಿಲ್‌ನಲ್ಲಿ ಕಟ್ಟಡದ ಕೆಲಸ ಮುಗಿಯಿತು, ಕುಟುಂಬ ಮಂಗಳೂರಿನ ಕಡೆಗೆ ಹೊರಟಿತು. ಟಿಸಿ ಪಡೆಯಲು ತಾಯಿ ಬಂದಾಗ ಅದರೊಂದಿಗೆ ಹೊಸ ಶಾಲೆಯ ವರ್ಗಶಿಕ್ಷಕರಿಗೆಂದು ಒಂದು ಕಾಗದ ಬರೆದುಕೊಟ್ಟೆ. ‘ಶಾಂತ ಸ್ವಭಾವ’ ಎಂಬುದನ್ನು ಅದರಲ್ಲಿ ಬರೆಯಲಿಲ್ಲ. ಬರೆದದ್ದು ಇಷ್ಟು: ಮನೆಯಲ್ಲಿ ತುಂಬ ಮಾತಾಡುತ್ತಾಳೆ. ತುಳು ಅರ್ಥವಾಗುತ್ತದೆ, ಆಟಕ್ಕೆ ಬೇಕಾಗುವಷ್ಟು ಆಡಲೂ ಬರುತ್ತದೆ. ಅಳಗುಳಿಮಣೆಯನ್ನು ಎರಡು ಬಗೆಯಲ್ಲಿ ಆಡಬಲ್ಲಳು. ಲೆಕ್ಕ ಬಿಟ್ಟುಕೊಂಡು ಬಂದರೆ ಬರುವುದಿಲ್ಲವೆಂದು ತಿಳಿಯಬೇಡಿ, ಆ ದಿನ ಊಟದ ಬಿಡುವಿನಲ್ಲಿ ನಳ್ಳಿಯ ಕಡೆ ಒಮ್ಮೆ ನೋಡಿ.